ಸಹಾಯ ಬೇಕು: ಬೋಟಿನ ವಿಎಚ್‌ಎಫ್ ಸೆಟ್ ವೈರಿಂಗ್ (ಮಲ್ಪೆ)

ನಮಸ್ಕಾರ. ಭಾವನ ಮೀನುಗಾರಿಕೆ ಬೋಟು ಮಲ್ಪೆ ಬಂದರಿನ ಧಕ್ಕೆಯಲ್ಲಿದೆ. ಆಗಸ್ಟ್ 1ಕ್ಕೆ ಕಡಲಿಗೆ ಇಳಿಯಬೇಕು, ಅಷ್ಟರಲ್ಲಿ ವಿಎಚ್‌ಎಫ್ ಸೆಟ್ (ಕಡಲಲ್ಲಿ ಮಾತಾಡುವ ರೇಡಿಯೋ) ಸರಿಯಾಗಬೇಕು.

ಬೋಟಿನದ್ದು 24 ವೋಲ್ಟ್ ಬ್ಯಾಟರಿ, ಸೆಟ್ 12 ವೋಲ್ಟಿನದು. ನಡುವೆ ಕನ್ವರ್ಟರ್ ಇದೆ. 1 ವಾಟ್‌ನಲ್ಲಿ ಚೆನ್ನಾಗಿ ಮಾತಾಡಬಹುದು. 25 ವಾಟ್‌ಗೆ ಹಾಕಿ ಮೈಕ್ ಒತ್ತಿದ ಕೂಡಲೇ ಸೆಟ್ ಆಫ್! ಆಗ 5-6 ಆಂಪಿಯರ್ ಬೇಕಂತೆ. ಕನ್ವರ್ಟರ್ ಮೇಲೆ ಬರೆದಿರುವುದು 3 ಆಂಪಿಯರ್. ಅದೇ ಕಾರಣ ಅಲ್ವಾ? ಇಲ್ಲ, ಸಣ್ಣ ವೈರಿನಲ್ಲಿ ವೋಲ್ಟೇಜ್ ಬೀಳ್ತಿದೆಯಾ?

ಆಂಟೆನಾ ಕತೆ ಬೇರೆಯೇ. ಹಿಂದೆ ಯಾರೋ ಅರ್ಧಕ್ಕೆ ಟಿವಿ ಕೇಬಲ್ ಜೋಡಿಸಿ, ಟೇಪ್ ಸುತ್ತಿ ಬಿಟ್ಟಿದ್ದಾರೆ. ಅದು 75 ಓಮ್, ಸೆಟ್‌ಗೆ ಬೇಕಾದದ್ದು 50 ಓಮ್. ಜಾಯಿಂಟ್ ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು. ಉಪ್ಪು ನೀರು ಬಿಡ್ತದಾ ಮಾರಾಯ್ರೆ! ಪೂರ್ತಿ ಹೊಸ ಕೇಬಲ್ ಎಳೆಯುತ್ತೇನೆ. ಹತ್ತು ಮೀಟರಿಗೆ ಸಪೂರದ ಆರ್‌ಜಿ-58 ಕೇಬಲ್ ಸಾಕಾ, ದಪ್ಪದ ಆರ್‌ಜಿ-213 ಹಾಕಲಾ?

ಕೊನೆಯದು, ಅಲಾರಂ. ಇಂಜಿನ್ ಸದ್ದಿಗೆ ತಂಡೇಲನಿಗೆ (ಬೋಟು ನಡೆಸುವವನಿಗೆ) ಸೆಟ್ಟಿನ ಬೀಪ್ ಕೇಳುವುದಿಲ್ಲ. ಸೆಟ್ಟಿನ ಹಿಂಬದಿ ಎರಡು ಅಲಾರಂ ವೈರ್ ಇವೆ, ಬರೀ ರಿಲೇ ಕಾಂಟಾಕ್ಟ್ (ಸ್ವಿಚ್ ಇದ್ದ ಹಾಗೆ), ಅದರಿಂದ ಕರೆಂಟ್ ಬರುವುದಿಲ್ಲ. ಅದರ ಮೂಲಕ 24 ವೋಲ್ಟ್ ಬಜರ್ ಕೊಡಬಹುದಾ? ಫ್ಯೂಸ್ ಎಷ್ಟರದ್ದು?

ಎಸ್‌ಡಬ್ಲ್ಯೂಆರ್ ಮೀಟರ್ (ಆಂಟೆನಾ, ಕೇಬಲ್ ಸೆಟ್ಟಿಗೆ ಸರಿ ಹೊಂದಿದೆಯಾ ನೋಡುವ ಮೀಟರ್) ಇರುವವರು ಉಡುಪಿ ಕಡೆ ಇದ್ದರೆ ಒಮ್ಮೆ ಬನ್ನಿ, ಮೀನೂಟ ನಮ್ಮದು.