'ಸ್ಯಾಂಪಲ್'ಗೆ 'ಮಾದರಿ' ಬಿಟ್ಟು ಬೇರೆ ಪದ ಬೇಕು, ನಾಳೆಯೊಳಗೆ

ಮನಃಶಾಸ್ತ್ರದ ಸಮೀಕ್ಷೆಯೊಂದರ ಒಪ್ಪಿಗೆ ಪತ್ರ ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಅಚ್ಚಿಗೆ ಹೋಗಬೇಕು. 'ನೀವು ಯಾದೃಚ್ಛಿಕ ಮಾದರಿಯಾಗಿ ಆಯ್ಕೆಯಾಗಿದ್ದೀರಿ' ಅಂತ ಬರೆದು ಪಕ್ಕದ ಮನೆ ಅಜ್ಜಿಗೆ ಓದಿ ಹೇಳಿದೆ. 'ನಾನು ಯಾರಿಗಪ್ಪಾ ಮಾದರಿ, ಅಂಥಾದ್ದೇನು ಮಾಡಿದೀನಿ' ಅಂದರು. ಯಾದೃಚ್ಛಿಕ, ಅಂದರೆ ಇಂಗ್ಲಿಷಿನ ರ್‍ಯಾಂಡಮ್, ಅವರ ಕಿವಿಗೇ ಬೀಳಲಿಲ್ಲ. ಹತ್ತು ಸಾಲು ಕೆಳಗೆ ಮಾಡೆಲ್‌ಗೂ ಮಾದರಿ ಅಂತಲೇ ಇದೆ. 'ನಮೂನೆ' ಅಂದರೆ ಜನ ಅರ್ಜಿ ಅಂದುಕೊಳ್ಳುತ್ತಾರೆ, ವೋಟರ್ ಲಿಸ್ಟಿಗೆ ನಮೂನೆ 6, ಬಗರ್ ಹುಕುಂಗೆ ನಮೂನೆ 57. ಏನು ಮಾಡಲಿ?

*

ಮಾದರಿಗೆ ಏನಾಗಿದೆ? ಇಂಗ್ಲಿಷಿನ ಸ್ಯಾಂಪಲ್ ಕೂಡ ತಲೆ ಹಾರಿದ ಎಕ್ಸಾಂಪಲ್ಲೇ. ಎರಡೂ ಲ್ಯಾಟಿನ್ನಿನ 'ಎಕ್ಸೆಂಪ್ಲಮ್', ಹಳೇ ಫ್ರೆಂಚ್ ದಾಟಿ ಬಂದದ್ದು. ತಮಿಳರೂ 'ಮಾದಿರಿ' ಅಂತಲೇ ಬರೆಯುತ್ತಾರೆ. ನಮೂನೆ ಪಾರ್ಸಿ, ಸರ್ಕಾರಕ್ಕೇ ಇರಲಿ. ಬದಲಿಸಲೇಬೇಕು ಅಂದ್ರೆ 'ಅಗುಳು' ಅನ್ನಿ, ಒಂದಗುಳು ಹಿಸುಕಿದರೆ ಅನ್ನ ಬೆಂದದ್ದು ಗೊತ್ತಾಗುತ್ತದೆ. ಅಚ್ಚಗನ್ನಡ.

*

ಸುಮ್ನೆ ಸ್ಯಾಂಪಲ್ ಅನ್ನಿ. ಲ್ಯಾಬಿನಲ್ಲಿ ರಕ್ತ ಕೊಡುವಾಗ ಎಲ್ಲ ಅಜ್ಜಿಯರೂ ಅದನ್ನೇ ಅನ್ನುತ್ತಾರೆ.

*

ಹಾಗಾದ್ರೆ ಪತ್ರ ಪೂರ್ತಿ ಇಂಗ್ಲಿಷಿನಲ್ಲೇ ಹಾಕಿಸಿಬಿಡಿ, ಖರ್ಚೂ ಉಳಿಯುತ್ತದೆ.

*

ಅಗುಳು ಚೆನ್ನಾಗಿದೆ, ಆದರೆ ತಪ್ಪು. ಪಾತ್ರೆಯಲ್ಲಿ ಎಲ್ಲ ಅಗುಳೂ ಒಂದೇ ನೀರಲ್ಲಿ ಬೇಯುತ್ತವೆ, ಊರಿನ ಜನ ಹಾಗಲ್ಲ, ಅದಕ್ಕೇ ಯಾದೃಚ್ಛಿಕ ಬೇಕಾಗಿದ್ದು. ಅಂದರೆ ಮನಸ್ಸಿಗೆ ಬಂದವರನ್ನು ಹಿಡಿದು ತರುವುದಲ್ಲ, ಪಟ್ಟಿಯಲ್ಲಿರುವ ಯಾರು ಬೇಕಾದರೂ ಬರಬಹುದು, ಬರುವ ಸಾಧ್ಯತೆ ಎಷ್ಟು ಅಂತ ಮೊದಲೇ ಲೆಕ್ಕ ಹಾಕಬಹುದು, ಹಾಗೆ ಆರಿಸುವುದು. ಮತ್ತೆ ಒಬ್ಬ ಅಜ್ಜಿ ಮಾದರಿ ಹೇಗಾಗುತ್ತಾರೆ? ಆರಿಸಿದ ಗುಂಪು ಪೂರ್ತಿ ಸೇರಿ ಮಾದರಿ, ಅಜ್ಜಿ ಅದರಲ್ಲಿ ಒಬ್ಬರು ಅಷ್ಟೇ. ಕೆಟ್ಟದ್ದು ಪದ ಅಲ್ಲ, ನಿಮ್ಮ ವಾಕ್ಯ.

*

ಪಾತ್ರೆಯಲ್ಲೂ ತಳ ಹಿಡಿಯುತ್ತದೆ ಸ್ವಾಮಿ. ಅಡುಗೆ ಮಾಡಿ ಗೊತ್ತಿದ್ದರೆ ತಾನೆ.

*

ಸರಿ, ಪದವನ್ನೇ ಬಿಟ್ಟೆ. 'ಊರಿನ ಪಟ್ಟಿಯಿಂದ ಚೀಟಿ ಎತ್ತಿ ಕೆಲವರನ್ನು ಆರಿಸಿದ್ದೇವೆ, ನಿಮ್ಮ ಹೆಸರೂ ಬಂದಿದೆ' ಅಂತ ಬರೆದು ಅಜ್ಜಿಗೆ ಮತ್ತೆ ಓದಿದೆ.

'ಚೀಟಿ ನನಗೇ ಬಂತಾ? ಎಷ್ಟು ದುಡ್ಡು?' ಅಂದರು.

ಅಚ್ಚಿಗೆ ಇನ್ನೂ ಕಳಿಸಿಲ್ಲ.