ಹಿಟ್ಟೈಟ್ ಭಾಷೆಗೂ ಸಂಸ್ಕೃತಕ್ಕೂ ಎಷ್ಟು ಹತ್ತಿರ?

ಪ್ರಶ್ನೆ: ಟರ್ಕಿಯ ಬೊಗಾಜ್‌ಕೊಯ್‌ನಲ್ಲಿ ಸಿಕ್ಕ ಒಪ್ಪಂದದಲ್ಲಿ ಮಿತ್ರ, ವರುಣ, ಇಂದ್ರರ ಹೆಸರಿದೆ. ಹಾಗಾದರೆ ಅಲ್ಲಿ ಆಳಿದ ಪ್ರಾಚೀನ ಜನ ಹಿಟ್ಟೈಟರು ಸಂಸ್ಕೃತದಿಂದ ಬಂದ ಭಾಷೆ ಆಡುತ್ತಿದ್ದರೇ? ಅವರ ಮಣ್ಣಿನ ಹಲಗೆ ಓದುವುದು ಹೇಗೆ?

ಉತ್ತರ 1: ಇಲ್ಲ. ಅವರು ಒಪ್ಪಂದದ ಇನ್ನೊಂದು ಪಕ್ಷವಾದ ಮಿತಾನ್ನಿ ರಾಜ್ಯದ ದೇವರುಗಳು; ಒಪ್ಪಂದ ಕ್ರಿ.ಪೂ. 14ನೇ ಶತಮಾನದ್ದು. ಹಿಟ್ಟೈಟ್ ಸಂಸ್ಕೃತದ ಮಗಳಲ್ಲ, ದೂರದ ದಾಯಾದಿ. ರಕ್ತಕ್ಕೆ ಅಲ್ಲಿ 'ಏಸ್‌ಹರ್', ಸಂಸ್ಕೃತದಲ್ಲಿ 'ಅಸೃಕ್'. ನಡುವಿನ ಆ 'ಹ' ನೋಡಿ! ಭಾಷಾವಿಜ್ಞಾನಿ ಸೊಸ್ಯೂರ್ 1879ರಲ್ಲಿ ಬರೀ ತರ್ಕದಿಂದ ಊಹಿಸಿದ್ದ, ಇವೆರಡರ ಮೂಲ ಭಾಷೆಯ ಕಳೆದುಹೋದ ಧ್ವನಿಗಳ ಗುರುತು ಇಂಥ 'ಹ'ಕಾರದಲ್ಲಿ ಉಳಿದಿದೆ ಅಂತ 1927ರಲ್ಲಿ ಇನ್ನೊಬ್ಬ ಭಾಷಾವಿಜ್ಞಾನಿ ಕುರಿಲೋವಿಚ್ ತೋರಿಸಿದರು.

ಉತ್ತರ 2: ಓದಲು, ಹಿಟ್ಟೈಟ್ ಭಾಷೆಯನ್ನು ಬಿಡಿಸಿದ ವಿದ್ವಾಂಸ ಹ್ರೋಜ್ನಿಯ ಪ್ರಸಿದ್ಧ ವಾಕ್ಯದಿಂದಲೇ ಶುರು ಮಾಡಿ: 'ನು ನಿಂದ-ಅನ್ ಎಝ್ಝತ್ತೇನಿ, ವಾತರ್-ಮ ಎಕುತ್ತೇನಿ'. 'ನಿಂದ' ಸುಮೇರಿಯನ್ (ಪ್ರಾಚೀನ ಇರಾಕ್‌ನ ಭಾಷೆ) ಚಿಹ್ನೆ, ಅರ್ಥ ರೊಟ್ಟಿ. 'ಅನ್' ಮಾತ್ರ ಹಿಟ್ಟೈಟ್, ನಮ್ಮ 'ಅನ್ನು' ಇದ್ದ ಹಾಗೆ ದ್ವಿತೀಯಾ ವಿಭಕ್ತಿ (ಹೋಲಿಕೆ ಆಕಸ್ಮಿಕ, ನಂಟು ಕಟ್ಟಬೇಡಿ). 'ರೊಟ್ಟಿ ತಿನ್ನುವಿರಿ, ನೀರು ಕುಡಿಯುವಿರಿ.' ಹೊಸಬರು ಎಡವುವುದು ಎರಡು ಕಡೆ. ಹಲಗೆಗಳ ಈ ಬೆಣೆಯಾಕಾರದ (ಕ್ಯೂನಿಫಾರ್ಮ್) ಲಿಪಿಯಲ್ಲಿ ಒತ್ತಕ್ಷರವಿಲ್ಲ, ಹಾಗಾಗಿ ಸಂಯುಕ್ತಾಕ್ಷರದ ನಡುವೆ ಉಚ್ಚಾರವಿಲ್ಲದ ಸ್ವರ ನುಸುಳುತ್ತದೆ. ಇನ್ನು ಪ-ಬ, ತ-ದ ಚಿಹ್ನೆಗಳ ವ್ಯತ್ಯಾಸ ನಂಬಬೇಡಿ. ಎರಡು ಸ್ವರಗಳ ನಡುವೆ ವ್ಯಂಜನ ಇಮ್ಮಡಿಯಾಗಿದೆಯೇ ಅನ್ನುವುದೇ ಮುಖ್ಯ.

ಉತ್ತರ 3: ಒಂದು ಸೇರಿಸುತ್ತೇನೆ. 'ಹತ್ತಿಲಿ' ಅಂತ ಗುರುತು ಹಾಕಿದ ಭಾಗ ಬಂದರೆ ಅದು ಹತ್ತಿಕ್, ಬೇರೆಯೇ ಮೂಲದ ಭಾಷೆ. ಹಿಟ್ಟೈಟರು ತಮ್ಮ ನುಡಿಯನ್ನು ಕರೆದದ್ದು 'ನೆಸಿಲಿ', ಅಂದರೆ ನೆಸ ಪಟ್ಟಣದ ನುಡಿ.