ಪವರ್ ಕಾರ್ಡ್ ಹಿಡಿದಾಗ ಬೇಡದ ತಂತಿಗಳೂ ಮೊಳಗುತ್ತಿವೆ: ಪರಿಹಾರ ಬೇಕು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಿಕ್ ಗಿಟಾರ್ ಕಲಿಯಲು ಆರಂಭಿಸಿ ಐದು ತಿಂಗಳಾಯಿತು. ಬ್ಲ್ಯಾಕ್ ಸಬ್ಬತ್ ತಂಡದ 1970ರ ‘ಐರನ್ ಮ್ಯಾನ್’ ನುಡಿಸಬೇಕೆಂಬ ಆಸೆ. ಅದರ ಪವರ್ ಕಾರ್ಡ್‌ಗೆ (ಒಟ್ಟಿಗೆ ನುಡಿಸುವ ಎರಡು ಸ್ವರಗಳಿಗೆ) ಆರನೆಯ, ಅಂದರೆ ಅತಿ ದಪ್ಪ ತಂತಿಯ 7ನೇ ಫ್ರೆಟ್‌ನಲ್ಲಿ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಯಲ್ಲಿ) ತೋರುಬೆರಳು, ಐದನೆಯ ತಂತಿಯ 9ನೇ ಫ್ರೆಟ್‌ನಲ್ಲಿ ಉಂಗುರಬೆರಳು ಇಟ್ಟು, ಅದೇ ಆಕಾರದಲ್ಲಿ 10ಕ್ಕೂ 12ಕ್ಕೂ ಜಾರುತ್ತೇನೆ. ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವ ಎಫೆಕ್ಟ್) ಹಾಕಿದೊಡನೆ ತೆಳು ತಂತಿಗಳೆಲ್ಲ ಝೇಂಕರಿಸುತ್ತವೆ, ಜಾರುವಾಗ ಕಿರ್ರೆನ್ನುತ್ತದೆ. ಆಂಪ್‌ನ (ಧ್ವನಿವರ್ಧಕದ) ಗೇನ್, ಅಂದರೆ ಡಿಸ್ಟಾರ್ಷನ್ ಎಷ್ಟೆಂಬುದರ ಗುಂಡಿ, 8ರಲ್ಲಿದೆ. ಹತ್ತು ನಿಮಿಷಕ್ಕೇ ಹೆಬ್ಬೆರಳಿನ ಬುಡ ನೋಯುತ್ತದೆ. ದೋಷ ಗಿಟಾರಿನದೋ, ನನ್ನ ಕೈಯದೋ?

ಉತ್ತರ 1

ಗಿಟಾರಿನದಲ್ಲ. ಡಿಸ್ಟಾರ್ಷನ್ ಇಲ್ಲದಾಗಲೂ ಆ ತಂತಿಗಳು ಮೊಳಗುತ್ತಲೇ ಇರುತ್ತವೆ, ನಮಗೆ ಕೇಳಿಸುವುದಿಲ್ಲ ಅಷ್ಟೆ. ಪವರ್ ಕಾರ್ಡ್‌ನಲ್ಲಿ ಎರಡು ತಂತಿಗಳನ್ನು ಒತ್ತುವುದಕ್ಕಿಂತ ಉಳಿದ ನಾಲ್ಕನ್ನು ಸುಮ್ಮನಿರಿಸುವುದೇ ದೊಡ್ಡ ಕೆಲಸ. ತೋರುಬೆರಳಿನ ತುದಿ ಮಾತ್ರ ಆರನೆಯ ತಂತಿಯನ್ನು ಒತ್ತಲಿ. ಬೆರಳಿನ ಉಳಿದ ಭಾಗವನ್ನು ಕಮಾನಿನಂತೆ ಎತ್ತಬೇಡಿ, ತೆಳು ತಂತಿಗಳ ಮೇಲೆ ಹಗುರವಾಗಿ ಮಲಗಿಸಿ. ಮೂಲಸ್ವರ ಐದನೆಯ ತಂತಿಯಲ್ಲಿದ್ದರೆ ತೋರುಬೆರಳಿನ ತುದಿಯನ್ನು ಸ್ವಲ್ಪ ಮುಂದೆ ಚಾಚಿ ಆರನೆಯ ತಂತಿಗೆ ತಾಗಿಸಿಡಿ.

ಈಗ ಡಿಸ್ಟಾರ್ಷನ್ ತೆಗೆದು, ಬೇಕೆಂದೇ ಆರೂ ತಂತಿಗಳನ್ನು ಪಿಕ್‌ನಿಂದ ಬಾರಿಸಿ. ಎರಡು ಸ್ವರ, ನಾಲ್ಕು ‘ಟಪ್’ ಕೇಳಿಸಿದರೆ ಹಿಡಿತ ಸರಿಯಾಗಿದೆ. ಜಾರುವಾಗ ಬೆರಳು ಎತ್ತಬೇಡಿ, ಒತ್ತಡವನ್ನಷ್ಟೇ ಸಡಿಲಿಸಿ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ. 10ನೇ ಫ್ರೆಟ್‌ನಲ್ಲಿ ಪೂರ್ತಿ ಸರಿಹೋಯಿತು. ಆದರೆ 7 ಮತ್ತು 12ರಲ್ಲಿ ತೆಳು ತಂತಿಗಳಿಂದ ಗಂಟೆಯ ನಾದದಂತಹ ಸಣ್ಣ ಸದ್ದು ಬರುತ್ತಿದೆ. ಬೆರಳು ಮಲಗಿಸಿಯೇ ಇದ್ದೇನೆ!

ಉತ್ತರ 2

ನೀವು ಫ್ರೆಟ್‌ಗಳ ಸಂಖ್ಯೆ ಬರೆದದ್ದು ಒಳ್ಳೆಯದಾಯಿತು, ಕಾರಣ ಅದರಲ್ಲೇ ಇದೆ. ತೆರೆದ ತಂತಿಯ ಸರಿ ಅರ್ಧದಲ್ಲಿ 12ನೇ ಫ್ರೆಟ್ ಬರುತ್ತದೆ, ಮೂರನೇ ಒಂದು ಪಾಲಿನಲ್ಲಿ 7ನೆಯದು, ಕಾಲು ಪಾಲಿನಲ್ಲಿ 5ನೆಯದು. ಈ ಜಾಗಗಳಲ್ಲಿ ತಂತಿಯನ್ನು ಒತ್ತದೆ ಒಂದೇ ಬೆರಳಿನಿಂದ ಮುಟ್ಟಿದರೆ ಅದು ಸುಮ್ಮನಾಗುವುದಿಲ್ಲ, ಹಾರ್ಮೋನಿಕ್, ಅಂದರೆ ಗಂಟೆಯಂತಹ ಮೇಲಿನ ಸ್ವರ, ಹೊಮ್ಮುತ್ತದೆ. ತಂತಿ ಎರಡು ಕಡೆ ಮುಟ್ಟಿಸಿಕೊಂಡರೆ ಅದು ಸಾಯುತ್ತದೆ. ಖಾಲಿ ಇರುವ ನಿಮ್ಮ ನಡುಬೆರಳನ್ನೂ ತೋರುಬೆರಳಿನ ಪಕ್ಕದಲ್ಲಿ ತೆಳು ತಂತಿಗಳ ಮೇಲೆ ಮಲಗಿಸಿ. ಇದು ಹೊಳೆಯುವ ಮೊದಲು ನಾನು ಎರಡು ಬಾರಿ ತಂತಿಗಳನ್ನೇ ಬದಲಿಸಿದ್ದೆ.

ಇನ್ನು ಗೇನ್. ಅದನ್ನು 4ಕ್ಕೆ ಇಳಿಸಿ. ನಾನು ಕರ್ನಾಟಕ ಸಂಗೀತ ಕಲಿತವನು, ಆದ್ದರಿಂದ ಹೀಗೆ ಹೇಳಿದರೆ ನನಗೆ ಸಮಾಧಾನ: ಪವರ್ ಕಾರ್ಡ್ ಎಂದರೆ ಷಡ್ಜ ಮತ್ತು ಪಂಚಮ, ನಡುವೆ ಗಾಂಧಾರವಿಲ್ಲ. ಗಾಂಧಾರವೇ ಇಲ್ಲದ ಮೇಲೆ ಅದು ಮೇಜರ್ ಕೂಡ ಅಲ್ಲ, ಮೈನರ್ ಕೂಡ ಅಲ್ಲ. 7ನೇ ಫ್ರೆಟ್‌ನಲ್ಲಿ ನೀವು ನುಡಿಸುವ ಷಡ್ಜ ಸುಮಾರು 123 ಹರ್ಟ್ಸ್, ಪಂಚಮ ಸುಮಾರು 185. ಡಿಸ್ಟಾರ್ಷನ್ ಇವೆರಡರ ವ್ಯತ್ಯಾಸವಾದ 62 ಹರ್ಟ್ಸ್‌ನ ಸ್ವರವನ್ನೂ ಹುಟ್ಟಿಸುತ್ತದೆ. ಅದು ಮಂದ್ರದ ಷಡ್ಜ. ಎರಡೇ ತಂತಿಗಳಿಗೆ ಅಷ್ಟು ತೂಕ ಬರುವುದು ಇದರಿಂದ. ಮೂರನೆಯ ಬೇಡದ ತಂತಿ ಸೇರಿದರೆ ಇಂತಹ ವ್ಯತ್ಯಾಸದ ಸ್ವರಗಳು ಒಂದಕ್ಕೊಂದು ಹೊಂದದೆ ಕಲಸುಮೇಲೋಗರವಾಗುತ್ತದೆ.

ಉತ್ತರ 1 ಬರೆದವರು

ನಡುಬೆರಳಿನ ವಿಷಯ ನನಗೆ ಹೊಳೆದಿರಲಿಲ್ಲ, ಒಳ್ಳೆಯ ಮಾತು. ಹೆಬ್ಬೆರಳಿನ ನೋವನ್ನು ಮಾತ್ರ ಸಹಿಸಿಕೊಂಡು ಮುಂದುವರಿಯಬೇಡಿ. ಹೆಬ್ಬೆರಳನ್ನು ಗಿಟಾರಿನ ಕತ್ತಿನ ಹಿಂಬದಿಯಿಂದ ತೆಗೆದು ಕಾರ್ಡ್ ಹಿಡಿದು ನೋಡಿ. ತೋಳಿನ ಭಾರವೇ ತಂತಿಯನ್ನು ಒತ್ತಲು ಬಹುಮಟ್ಟಿಗೆ ಸಾಕು. 10 ಗೇಜ್ (ಗೇಜ್ ಎಂದರೆ ತಂತಿಯ ದಪ್ಪದ ಅಳತೆ) ತಂತಿಗಳಿದ್ದರೆ 9ಕ್ಕೆ ಬನ್ನಿ. ಈ ಹಾಡಿನ ಗಿಟಾರ್ ವಾದಕ ಟೋನಿ ಅಯೋಮಿ ಕಾರ್ಖಾನೆಯ ಅಪಘಾತದಲ್ಲಿ ಬಲಗೈಯ ಎರಡು ಬೆರಳ ತುದಿಗಳನ್ನು ಕಳೆದುಕೊಂಡಿದ್ದರು. ಅವರದು ಎಡಚ ವಾದನವಾದ್ದರಿಂದ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು, ತೆಳುವಾದ ತಂತಿಗಳನ್ನು ಕಟ್ಟಿಕೊಂಡು ಅವರು ನುಡಿಸಿದರು. ತೆಳು ತಂತಿ ಕಟ್ಟಲು ಸಂಕೋಚವೇ ಬೇಡ.

ಪ್ರಶ್ನೆ ಕೇಳಿದವರು

ನಡುಬೆರಳು ಮಲಗಿಸಿದೆ, ಗೇನ್ ಇಳಿಸಿದೆ. 7ರಲ್ಲಿ ಗಂಟೆ ನಿಂತಿತು! 12ರಲ್ಲಿ ನಡುಬೆರಳು ಇನ್ನೂ ತಡವಾಗಿ ಬೀಳುತ್ತಿದೆ, ನಿಧಾನಗತಿಯಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಒಂಬತ್ತರ ಸೆಟ್ ನಾಳೆ ತರುತ್ತೇನೆ.